ಮನೆಮಾತಿಗೆ ಬೀಗ ಬೇಡ

"ಮಿಸ್, ಮಲಾ ನೀರು ಬೇಕು!"

ನನ್ನ ಐದು ವರ್ಷದ ಮಗಳು ಯುಕೆಜಿ ಕ್ಲಾಸಿನಲ್ಲಿ ಎದ್ದು ನಿಂತು ಹೀಗೆ ಕೇಳಿದಳಂತೆ. ನಾಲ್ಕೇ ನಾಲ್ಕು ಶಬ್ದ, ಅದರಲ್ಲಿ ಮೂರು ಭಾಷೆ! 'ಮಿಸ್' ಇಂಗ್ಲಿಷು, 'ಮಲಾ' ಎಂದರೆ ಮರಾಠಿಯಲ್ಲಿ ನನಗೆ, ಉಳಿದದ್ದು ಕನ್ನಡ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅವಳಿಗೆ ನೀರೇನೋ ಸಿಕ್ಕಿತು. ಸಂಜೆ ನನಗೆ ಸಿಕ್ಕಿದ್ದು ಡೈರಿಯಲ್ಲಿ ಕೆಂಪು ಶಾಯಿಯ ಒಂದು ಸಾಲು: 'ಮಗು ಭಾಷೆ ಬೆರೆಸಿ ಮಾತಾಡುತ್ತಾಳೆ. ಪಾಲಕರು ಬಂದು ಕಾಣಬೇಕು.'

ಮರುದಿನ ಮನೆಗೆಲಸ ಮುಗಿಸಿ ಓಡಿದೆ. ಟೀಚರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿ ಹೇಳಿದರು. "ಮೇಡಂ, ಮನ್ಯಾಗ ಮರಾಠಿ ಮಾತಾಡೂದು ಬಂದ್ ಮಾಡ್ರಿ. ಅಷ್ಟು ಸಣ್ಣ ತಲಿಯಾಗ ಎಷ್ಟಂತ ಭಾಷಾ ತುಂಬತೀರಿ? ಪಾಪ, ಕನ್‌ಫ್ಯೂಸ್ ಆಗಾಕತ್ತಾಳ."

ಮಕ್ಕಳ ವಿಷಯದಲ್ಲಿ ಯಾರಾದರೂ 'ತೊಂದರೆ' ಎಂಬ ಶಬ್ದ ಎತ್ತಿದರೆ ಸಾಕು, ತಾಯಂದಿರಿಗೆ ನಿದ್ದೆ ಹಾರಿಹೋಗುತ್ತದೆ. ನನಗೂ ಹಾಗೇ ಆಯಿತು. ಆ ಹೆದರಿಕೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇವತ್ತು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಮರಾಠಿ ಇರಲಿಕ್ಕಿಲ್ಲ, ಉರ್ದು ಇರಬಹುದು, ಲಂಬಾಣಿ, ತೆಲುಗು, ಕೊಂಕಣಿ ಇರಬಹುದು. ಅಚ್ಚ ಕನ್ನಡದ ಮನೆಯೇ ಆಗಿದ್ದರೂ ಇಂಗ್ಲಿಷ್ ಶಾಲೆಯ ಚೀಲ ಹೊತ್ತ ಮಗು ಇದ್ದೇ ಇರುತ್ತದಲ್ಲ? ಹಾಗಾಗಿ ಇದು ನಿಮ್ಮ ಮನೆಯ ಮಾತೂ ಹೌದು.

ಅತ್ತೆ 'ಬರ' ಅಂದರು

ನಾವಿರುವುದು ರಾಣೆಬೆನ್ನೂರಿನಲ್ಲಿ. ನಾವು ಸಿಂಪಿಗರು, ತಲೆಮಾರುಗಳಿಂದ ಹೊಲಿಗೆ, ಬಟ್ಟೆ ಅಂಗಡಿ ಎಂದು ಬದುಕಿದವರು. ಮನೆಮಾತು ಮರಾಠಿ. ನಮ್ಮ ಮನೆಯವರದು ರೆಡಿಮೇಡ್ ಬಟ್ಟೆ ಅಂಗಡಿ. ಅತ್ತೆ ಮಿರಜ್ ಕಡೆಯವರು, ನಾಲ್ಕನೇ ಇಯತ್ತೆವರೆಗೆ ಮರಾಠಿ ಶಾಲೆ ಕಲಿತು, ಮದುವೆಯಾಗಿ ಇಲ್ಲಿಗೆ ಬಂದವರು.

ಡೈರಿ ಬಂದ ಮರುದಿನದ ರಾತ್ರಿ ಅತ್ತೆ ಮೊಮ್ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಕಾಗೆ-ಗುಬ್ಬಿಯ ಕಥೆ ಹೇಳುತ್ತಿದ್ದರು. ನಿಮಗೂ ಗೊತ್ತಿರುವ ಕಥೆಯೇ. ಕಾಗೆಯ ಮನೆ ಸಗಣಿಯದು, ಗುಬ್ಬಿಯ ಮನೆ ಮೇಣದ್ದು. ಮಳೆಗೆ ಕಾಗೆಯ ಮನೆ ಕೊಚ್ಚಿಹೋಗಿ, ಅದು ಗುಬ್ಬಿಯ ಬಾಗಿಲು ಬಡಿಯುತ್ತದೆ. ಗುಬ್ಬಿ ಒಳಗಿಂದಲೇ 'ತಡೀ, ಕೂಸಿಗೆ ಎರೀತೀನಿ', 'ತಡೀ, ಕೂಸಿಗೆ ಕುಂಚಿಗಿ ಕಟ್ಟತೀನಿ' ಅನ್ನುತ್ತಿರುತ್ತದೆ. ಅತ್ತೆ ಅಷ್ಟರವರೆಗೆ ಬಂದಿದ್ದರು. ನಾನು ನಡುವೆ ಬಾಯಿ ಹಾಕಿ, ಇನ್ನು ಮೇಲೆ ಮಗುವಿನ ಜೊತೆ ಕನ್ನಡ, ಇಂಗ್ಲಿಷ್ ಮಾತ್ರ ಎಂದು ಶಾಲೆಯಲ್ಲಿ ಹೇಳಿದ್ದಾರೆ ಎಂದೆ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. "ಬರ" ಎಂದರು.

ಮರಾಠಿಯಲ್ಲಿ 'ಬರ' ಎಂದರೆ 'ಆಗಲಿ' ಎಂದರ್ಥ. ಕನ್ನಡದಲ್ಲಿ ಆ ಶಬ್ದಕ್ಕೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ನಮ್ಮ ಮನೆಯಲ್ಲಿ ಎರಡೂ ಅರ್ಥ ನಿಜವಾದವು ನೋಡ್ರಿ!

ಅತ್ತೆಗೆ ಕನ್ನಡ ಬರುವುದಿಲ್ಲ ಅಂತಲ್ಲ. ರವಿವಾರದ ಸಂತೆಯಲ್ಲಿ ಕೊತ್ತಂಬರಿ ಸೂಡಿಗೆ ಚೌಕಾಸಿ ಮಾಡಲು, ಬಾಂಡೆ ಅಂಗಡಿಯವನ ಜೊತೆ ಜಗಳ ತೆಗೆಯಲು ಧಾರಾಳವಾಗಿ ಬರುತ್ತದೆ. ಆದರೆ ಅದು ಬಾಜಾರದ ಕನ್ನಡ. ಮುದ್ದು ಮಾಡುವುದು, ಕಥೆ ಹೇಳುವುದು, ಸಣ್ಣವಳಿದ್ದಾಗ ಮಿರಜಿನ ಬಾವಿಗೆ ಕೊಡ ಬಿದ್ದ ಪ್ರಸಂಗ ಹೇಳಿ ನಗುವುದು, ಇವೆಲ್ಲ ಅವರಿಗೆ ಮರಾಠಿಯಲ್ಲೇ ಇದ್ದವು. ಮರಾಠಿ ತೆಗೆದ ಮೇಲೆ ಅಜ್ಜಿ-ಮೊಮ್ಮಗಳ ನಡುವೆ ಏನುಳಿಯಿತು? ಒಂದು ಮಧ್ಯಾಹ್ನ ಕೂತು ಎಣಿಸಿದೆ. 'ಬಾ', 'ಉಣ್ಣು', 'ಮಕ್ಕೋ', 'ಬ್ಯಾಡ', 'ಬೀಳ್ತಿ'. ಇಷ್ಟೇ! ಎಲ್ಲವೂ ಅಪ್ಪಣೆ. ಆಜಿ ಎಂಬಾಕೆ ಒಂದು ಟ್ರಾಫಿಕ್ ಪೊಲೀಸ್ ಆಗಿಬಿಟ್ಟಿದ್ದರು.

ಮಗಳು ಮೊಬೈಲ್ ಹಿಡಿದಳು. ಅತ್ತೆ ಟೀವಿ ಮುಂದೆ ಕೂತರು. ದೀಪಾವಳಿ ಮುಗಿದ ವಾರಕ್ಕೆ ಕೈಚೀಲಕ್ಕೆ ಎರಡು ಸೀರೆ ತುರುಕಿಕೊಂಡು, "ಸೂನ್‌ಬಾಯಿ, ಹಾವೇರಿಗೆ ಹೋಗಿ ನಾಲ್ಕು ದಿನ ಇದ್ದು ಬರ್ತೀನಿ" ಎಂದು ನಾದಿನಿಯ ಮನೆಗೆ ಹೊರಟರು. ನಾಲ್ಕು ದಿನ ಒಂದು ತಿಂಗಳಾಯಿತು, ಎರಡಾಯಿತು. ಫೋನಿನಲ್ಲಿ ಮೊಮ್ಮಗಳು "ಆಜಿ, ಹೌ ಆರ್ ಯೂ?" ಎಂದರೆ ಅತ್ತೆ ನಕ್ಕು ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟುಬಿಡುತ್ತಿದ್ದರು.

ಹೋಗಲಿ, ಇಷ್ಟೆಲ್ಲ ಮಾಡಿದ್ದಕ್ಕೆ ಇಂಗ್ಲಿಷಾದರೂ ಬಂತೇ? ಡಿಸೆಂಬರಿನಲ್ಲಿ ಡೈರಿಯಲ್ಲಿ ಎರಡನೇ ಸಾಲು ಬಂತು: 'ಮಗು ಕ್ಲಾಸಿನಲ್ಲಿ ಮಾತಾಡುವುದೇ ಇಲ್ಲ.'

ಟೇಪಿಗೆ ಎರಡು ಬದಿ

ನಾನೇನು ಒಂದೇ ಭಾಷೆಯಲ್ಲಿ ಬೆಳೆದವಳೇ? ಅಲ್ಲವೇ ಅಲ್ಲ. ನನ್ನ ತವರು ಬ್ಯಾಡಗಿ. ಅಪ್ಪನದು ಟೇಲರಿಂಗ್ ಅಂಗಡಿ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ ಬಂತೆಂದರೆ ಊರೆಲ್ಲ ಕೆಂಪು ಘಾಟು, ಎಲ್ಲರ ಮನೆಯಲ್ಲೂ ಸೀನು. ಸುತ್ತಲ ಹಳ್ಳಿಗಳ ರೈತರದು ಕನ್ನಡ, ಆಂಧ್ರದ ಕಡೆಯಿಂದ ಚೀಲ ತಂದವರದು ತೆಲುಗು, ಅಂಗಡಿಯಲ್ಲಿ ಕಾಜಾ-ಗುಂಡಿ ಮಾಡುತ್ತಿದ್ದ ಚಾಚಾನದು ಉರ್ದು. ಒಳಗೆ ಅವ್ವನ ಮರಾಠಿ. ನನಗೆ ಅವು ನಾಲ್ಕು ಭಾಷೆ ಅಂತ ಗೊತ್ತೇ ಇರಲಿಲ್ಲ. ಇವರ ಜೊತೆ ಹೀಗೆ ಮಾತಾಡಬೇಕು, ಅವರ ಜೊತೆ ಹಾಗೆ ಅಂತಷ್ಟೇ ಗೊತ್ತಿತ್ತು.

ಸರ್ಕಾರಿ ಕನ್ನಡ ಶಾಲೆಗೆ ಒಂದನೇ ಇಯತ್ತೆಗೆ ಸೇರಿದಾಗ ನಾನೂ ಹೀಗೇ ಬೆರೆಸಿ ಮಾತಾಡಿದ್ದೆ. ಅವತ್ತು ನಮ್ಮ ಅಕ್ಕೋರು ನಗಲಿಲ್ಲ. "ನಿಮ್ಮ ಮನ್ಯಾಗ ನೀರಿಗೆ ಏನಂತಾರವಾ?" ಎಂದು ಕೇಳಿದರು. 'ಪಾಣಿ' ಎಂದೆ. ಸಾಲಾಗಿ ಎಲ್ಲ ಮಕ್ಕಳನ್ನೂ ಕೇಳಿದರು. ತಾಂಡಾದಿಂದ ಬರುವ ಹುಡುಗಿಯೂ 'ಪಾಣಿ' ಎಂದಳು, ಉರ್ದು ಮನೆಯ ಹುಡುಗ 'ಪಾನಿ' ಎಂದ, ತೆಲುಗಿನವಳು 'ನೀಳ್ಳು' ಎಂದಳು. "ನೋಡ್ರಿ, ಹೆಸರು ಬ್ಯಾರೆ ಬ್ಯಾರೆ, ನೀರಡಿಕಿ ಒಂದ" ಎಂದು ಹಲಗೆಯ ಮೇಲೆ ಎಲ್ಲವನ್ನೂ ಬರೆದರು. ಅಂದಿನಿಂದ ನನಗೆ ಕನ್ನಡದ ಮೇಲೆ ಹೆದರಿಕೆ ಹೋಗಿ ಪ್ರೀತಿ ಬಂತು. ಮುಂದೆ ಹಾವೇರಿಯ ಕಾಲೇಜಿನಲ್ಲಿ ಬಿ.ಎ.ಗೆ ಕನ್ನಡವನ್ನೇ ಐಚ್ಛಿಕವಾಗಿ ತೆಗೆದುಕೊಂಡೆ. ಇವತ್ತು ನಾಲ್ಕಕ್ಷರ ಬರೆಯುವುದೂ ಕನ್ನಡದಲ್ಲೇ.

ಹೈಸ್ಕೂಲಿನಲ್ಲಿ ಮಾತ್ರ ಸ್ವಲ್ಪ ಕಷ್ಟವಾಗಿತ್ತು. ಗೆಳತಿಯರ ಮುಂದೆ ಮರಾಠಿ ಮಾತಾಡಬೇಡ ಎಂದು ಅವ್ವನಿಗೆ ಗದರಿದ್ದೆ. 2004ರಲ್ಲಿ ಬೆಳಗಾವಿ ಗಡಿಯ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ಅಂಗಡಿಗೆ ಬಂದ ಗಿರಾಕಿಯೊಬ್ಬರು ಚೇಷ್ಟೆಗೆ, "ಮಾಸ್ತರ್, ನೀವು ಯಾರ ಕಡೆ?" ಎಂದರು. ಅಪ್ಪ ಕೊರಳಲ್ಲಿದ್ದ ಅಳತೆಯ ಟೇಪು ತೆಗೆದು ತೋರಿಸಿದರು. "ಇದರಾಗ ಒಂದ್ ಬದಿ ಇಂಚು, ಒಂದ್ ಬದಿ ಸೆಂಟಿಮೀಟರ್. ಟೇಪು ಒಂದ ಅಲ್ಲೇನ್ರಿ?" ಗಿರಾಕಿ ನಕ್ಕು ಅಳತೆಗೆ ನಿಂತರು.

ಇವತ್ತಿಗೂ ನನಗೆ ಮಗ್ಗಿ ಬರುವುದು ಕನ್ನಡದಲ್ಲಿ, ಕುಕ್ಕರಿಗೆ ಕೈ ತಾಗಿದರೆ ಬಾಯಿಂದ ಬರುವುದು 'ಆಯಿ ಗ!'. ಎರಡೂ ನನ್ನವೇ. ನನಗೆ ಸಿಕ್ಕಿದ್ದನ್ನು ನನ್ನ ಮಗಳಿಂದ ಯಾಕೆ ಕಿತ್ತುಕೊಂಡೆನೋ!

ನಮ್ಮ ನೆಲವೇ ಹಾಗೆ

ನಮ್ಮ ಕಡೆ ಒಂದೇ ಭಾಷೆಯ ಊರು ಹುಡುಕುವುದೇ ಕಷ್ಟ. ಹಾವೇರಿ ಪ್ರತ್ಯೇಕ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೂ ಮೊದಲು ಇದೆಲ್ಲ ಧಾರವಾಡ ಜಿಲ್ಲೆ, 1956ರವರೆಗೆ ಮುಂಬೈ ಆಡಳಿತದ ಸೀಮೆ. ಹಾಗಾಗಿಯೇ ನಮ್ಮ ಕನ್ನಡದಲ್ಲಿ ಖೋಲಿ, ಪಗಾರ, ಗಿರಣಿ, ಬಾಂಡೆ ಎಲ್ಲ ಸಂಸಾರ ಹೂಡಿವೆ. ಮರಾಠಿಯವರೂ ಸುಮ್ಮನೆ ಕೂತಿಲ್ಲ. ನಮ್ಮ ತುಪ್ಪವನ್ನು 'ತೂಪ' ಮಾಡಿಕೊಂಡು ಉಂಡರು, ನಮ್ಮ ಅಕ್ಕ-ಅಣ್ಣಂದಿರನ್ನು ಅಕ್ಕಾ-ಅಣ್ಣಾ ಎಂದೇ ಕರೆದುಕೊಂಡರು.

ಕಾದಂಬರಿ ಪಿತಾಮಹ ಎನಿಸಿಕೊಂಡ ಗಳಗನಾಥರು (1869-1942) ನಮ್ಮ ಹಾವೇರಿ ಸೀಮೆಯವರೇ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದವರು. ವರಕವಿ ಬೇಂದ್ರೆಯವರ ಮನೆಮಾತು ಮರಾಠಿ. 1973ರ ಜ್ಞಾನಪೀಠ ತಂದುಕೊಟ್ಟದ್ದು ಅವರ ಕನ್ನಡ 'ನಾಕುತಂತಿ'. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಎರಡೂ ಭಾಷೆಯಲ್ಲಿ ಬರೆದವರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಇನ್ನೊಂದು ಭಾಷೆ ಬಂದದ್ದರಿಂದ ಇವರ್‍ಯಾರ ಕನ್ನಡವೂ ಸೊರಗಲಿಲ್ಲ ಅಲ್ಲವೇ?

'ಆಡಾಕ ಮಂದಿ ಬೇಕು'

ಎರಡನೇ ಡೈರಿ ಸಾಲು ಬಂದ ಮೇಲೆ ಹುಬ್ಬಳ್ಳಿಯ ವಾಕ್-ಶ್ರವಣ ತಜ್ಞೆಯೊಬ್ಬರ ಹತ್ತಿರ ಮಗಳನ್ನು ಕರೆದುಕೊಂಡು ಹೋದೆ. ಮೊದಲು ಕಿವಿ ಪರೀಕ್ಷೆ ಮಾಡಿದರು. ಸರಿಯಾಗಿತ್ತು. ಕನ್ನಡದಲ್ಲಿ ಮಾತಾಡಿಸಿದರು. ಹೂಂ, ಉಹೂಂ ಬಿಟ್ಟು ಬೇರೆ ಉತ್ತರವಿಲ್ಲ. "ಮನ್ಯಾಗ ಮೊದಲಿಂದ ಯಾವ ಭಾಷಾ ಮಾತಾಡತಿದ್ರಿ?" ಎಂದರು. ಅಳುಕುತ್ತಲೇ ಮರಾಠಿ ಎಂದೆ. "ಮತ್ತ ಅದರಾಗ ಮಾತಾಡಸ್ರಿ."

ಏನು ಕೇಳಬೇಕೋ ತೋಚದೆ, ಆಜಿ ಎಲ್ಲಿದ್ದಾಳೆ ಎಂದು ಮರಾಠಿಯಲ್ಲಿ ಕೇಳಿದೆ. ಅಷ್ಟೊತ್ತು ಸುಮ್ಮನಿದ್ದ ಮಗಳು ಗಳಗಳ ಮಾತಿಗೆ ಶುರುಮಾಡಿದಳು. "ಆಜಿ ಹಾವೇರಿಗೆ ಹೋಗ್ಯಾಳ. ನಾನು ಸಾಲ್ಯಾಗ ಮರಾಠಿ ಮಾತಾಡಿದ್ನೆಲ್ಲಾ, ಅದಕ್ಕ ನೀವು ಆಜಿಗೆ ಬೈದ್ರಿ. ಅದಕ್ಕ ಹೋದಳು. ನಾನು ಇನ್ನು ಮಾತಾಡಂಗಿಲ್ಲ, ಅಕೀನ ಕರಕೊಂಡ್ ಬಾ."

ಕನ್ನಡದಲ್ಲಿ ಬರೆದಿದ್ದೇನೆ. ಅವಳು ಹೇಳಿದ್ದು ಶುದ್ಧ ಮರಾಠಿಯಲ್ಲಿ, ಒಂದು ತಪ್ಪೂ ಇಲ್ಲದೆ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ತಜ್ಞೆಗೆ ಮರಾಠಿ ತಿಳಿಯದು, ಆದರೆ ನನ್ನ ಮುಖ ತಿಳಿಯಿತು. "ನಿಮ್ಮ ಹುಡಿಗೀಗೆ ಮಾತು ಬರ್ತಾವ್ರಿ. ಆಡಾಕ ಮಂದಿ ಬೇಕು, ಅಷ್ಟ" ಎಂದರು. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನೂ, ನಾನು ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಕೊಡುತ್ತಿದ್ದೇನೆ.

ಮಗುವಿನ ತಲೆ ಕೊಡ ಅಲ್ಲ. ಒಂದು ಭಾಷೆ ತುಂಬಿದರೆ ಇನ್ನೊಂದಕ್ಕೆ ಜಾಗ ಇರುವುದಿಲ್ಲ ಎನ್ನುವುದು ತಪ್ಪು ಕಲ್ಪನೆ. ಎರಡು ಭಾಷೆ ಕೇಳಿ ಬೆಳೆಯುವ ಹಸುಗೂಸು ಕೆಲವೇ ತಿಂಗಳಲ್ಲಿ ಅವುಗಳ ಲಯದ ವ್ಯತ್ಯಾಸ ಗುರುತಿಸಬಲ್ಲದು.

ಬೆರೆಸುವುದು ಗೊಂದಲ ಅಲ್ಲ. ಒಂದು ಭಾಷೆಯಲ್ಲಿ ಶಬ್ದ ಸಿಗದಾಗ ಮಗು ಇನ್ನೊಂದರಿಂದ ಎರವಲು ತರುತ್ತದೆ. ನಾವು ಪಕ್ಕದ ಮನೆಯಿಂದ ಒಂದು ಬಟ್ಟಲು ಸಕ್ಕರೆ ತರುವುದಿಲ್ಲವೇ? ಹಾಗೆ. 'ಬಸ್ ಮಿಸ್ ಆತು, ಲೇಟ್ ಆಗಿ ಬಂದೆ' ಎನ್ನುವ ನಾವು ದೊಡ್ಡವರು ಮಾಡುವುದೂ ಇದನ್ನೇ!

ಶಬ್ದ ಎಣಿಸುವಾಗ ಎರಡೂ ಭಾಷೆಯದು ಕೂಡಿಸಿ. ಮಗುವಿಗೆ ಕನ್ನಡದಲ್ಲಿ ಇಷ್ಟೇ ಶಬ್ದ ಬರುತ್ತವೆ ಎಂದು ಕೊರಗುವ ಬದಲು ಮನೆಮಾತಿನ ಶಬ್ದಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಗ ಬಹಳಷ್ಟು 'ಹಿಂದುಳಿದ' ಮಕ್ಕಳು ಸಮಸಮ ಬಂದು ನಿಲ್ಲುತ್ತಾರೆ.

ಎರಡು ಭಾಷೆಯಿಂದ ಬುದ್ಧಿ ಮಂಕಾಗುತ್ತದೆ ಎಂಬ ಮಾತು ಬಹಳ ಹಳೆಯದು. ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಸಂಶೋಧಕರು ಹತ್ತು ವರ್ಷದ ಮಕ್ಕಳ ಮೇಲೆ ಅಧ್ಯಯನ ನಡೆಸಿ 1962ರಲ್ಲಿ ಪ್ರಕಟಿಸಿದರು. ಅಲ್ಲಿ ಎರಡೂ ಭಾಷೆ ಚೆನ್ನಾಗಿ ಬರುವ ಮಕ್ಕಳೇ ಬುದ್ಧಿಪರೀಕ್ಷೆಯಲ್ಲಿ ಮುಂದಿದ್ದರು. ಎರಡು ಭಾಷೆಯಿಂದ ಬುದ್ಧಿ ಹೆಚ್ಚುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲಿ ಈಗಲೂ ಚರ್ಚೆಯಿದೆ. ಆದರೆ ಅದು ಮಗುವಿನ ಮಾತನ್ನು ಕೆಡಿಸುವುದಿಲ್ಲ ಎಂಬುದನ್ನು ಅವರು ಒಪ್ಪುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ನಮ್ಮ ಹೈದರಾಬಾದಿನದೇ ಒಂದು ಅಧ್ಯಯನ. ಅಲ್ಲಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ಕಾಯಿಲೆಯ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು-ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು! ಅಂದರೆ ಸಂತೆಯಲ್ಲಿ ಒಂದು, ಮನೆಯಲ್ಲಿ ಒಂದು ಭಾಷೆ ಆಡುವ ನಮ್ಮ ಅಜ್ಜಿಯರ ಜಾಣತನ ಸುಮ್ಮನೆ ಅಲ್ಲ.

ಹಾವೇರಿಯ ಬಾಗಿಲಲ್ಲಿ

ಮುಂದಿನ ರವಿವಾರವೇ ಮಗಳನ್ನು ಕರೆದುಕೊಂಡು ರೈಲು ಹತ್ತಿದೆ. ರಾಣೆಬೆನ್ನೂರು ಬಿಟ್ಟರೆ ದಾರಿಯಲ್ಲಿ ನನ್ನ ಬ್ಯಾಡಗಿ, ಆಮೇಲೆ ಹಾವೇರಿ. ದಾರಿಯುದ್ದಕ್ಕೂ ಅತ್ತೆಗೆ ಏನು ಹೇಳಲಿ ಎಂದೇ ಯೋಚನೆ.

ನಾದಿನಿಯ ಮನೆಯ ಬಾಗಿಲಲ್ಲಿ ಮಗಳು ನನ್ನ ಸೀರೆ ಹಿಡಿದು ಹಿಂದೆ ನಿಂತಳು. ಅತ್ತೆ ಒಳಗಿಂದ ಬಂದವರು ಎರಡು ತಿಂಗಳ ನಂತರವೂ ನನ್ನ ಮಾತು ಮೀರಲಿಲ್ಲ. ತಡವರಿಸುತ್ತ ಕನ್ನಡದಲ್ಲೇ "ಉಂಡ್ಯಾ?" ಎಂದರು. ಮಗಳು ಇಣುಕಿ ನೋಡಿ ಮರಾಠಿಯಲ್ಲಿ ಕೇಳಿದಳು: "ಆಜಿ, ಚಿಮಣೀನ ದಾರ ಉಘಡ್ಲ ಕಾ?" ಗುಬ್ಬಿ ಕೊನೆಗೂ ಬಾಗಿಲು ತೆಗೀತಾ, ಅಂತ!

ಜೂನಿನಲ್ಲಿ ಅರ್ಧಕ್ಕೆ ನಿಂತ ಕಥೆ ಅವಳ ತಲೆಯಲ್ಲಿ ಹಾಗೇ ಉಳಿದಿತ್ತು. ಅತ್ತೆ ಹೊಸ್ತಿಲ ಮೇಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಾನು ಕಲಿತು ಬಂದ ಕ್ಷಮೆಯ ಮಾತು ಬೇಕಾಗಲೇ ಇಲ್ಲ. ಕಥೆ ಮುಗಿಯುವವರೆಗೆ ನಮಗ್ಯಾರಿಗೂ ಚಹಾ ಸಿಗಲಿಲ್ಲ ಅಷ್ಟೇ. ಅವತ್ತು ಸಂಜೆ ರೈಲಿಗೆ ಮೂರು ಟಿಕೆಟ್ ತೆಗೆಸಿದೆ.

ಕನ್ನಡದ ತಾಯಂದಿರಿಗೂ ಒಂದು ಮಾತು

"ಕಮ್ ಪುಟ್ಟಾ, ಹ್ಯಾಂಡ್ ವಾಶ್ ಮಾಡ್ಕೋ, ರೈಸ್ ಈಟ್ ಮಾಡು." ನಮ್ಮ ಓಣಿಯಲ್ಲಿ ದಿನವೂ ಕೇಳುವ ಮಾತಿದು. ಇಂಗ್ಲಿಷ್ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ನಮಗೇ ಚೆನ್ನಾಗಿ ಬಾರದ ಭಾಷೆಯಲ್ಲಿ ಮಕ್ಕಳನ್ನು ಬೆಳೆಸಲು ಹೋದರೆ ಏನಾಗುತ್ತದೆ? ನಮ್ಮ ಅತ್ತೆಗೆ ಆದದ್ದೇ ಆಗುತ್ತದೆ. ಬರೀ ಅಪ್ಪಣೆ ಉಳಿಯುತ್ತದೆ. ಮಗು ಬಿದ್ದು ಅತ್ತಾಗ ಸಮಾಧಾನ ಹೇಳಲು, 'ಯಾಕೆ?' ಎಂದು ನೂರು ಸಲ ಕೇಳಿದಾಗ ನೂರು ಸಲ ಉತ್ತರ ಕೊಡಲು ಆ ಇಂಗ್ಲಿಷ್ ಸಾಲದು. ಮಗುವಿಗೆ ಬೇಕಾಗಿರುವುದು ತುಂಬಿದ ಭಾಷೆ. ಅದು ತಾಯಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಸಿಗುತ್ತದೆ. ಅದರಲ್ಲಿ ಕಥೆ, ಲೆಕ್ಕ, ಕಾರಣ ಎಲ್ಲ ಕಲಿತ ಮಗು ಶಾಲೆಯ ಭಾಷೆಗೆ ಅದನ್ನು ಹೊತ್ತುಕೊಂಡು ಹೋಗುತ್ತದೆ.

ಏನು ಮಾಡಬಹುದು?

ನಮ್ಮ ಮನೆಯಲ್ಲಿ ಮಾಡಿ ನೋಡಿದ, ಉಪಯೋಗವಾದ ಕೆಲವು ಉಪಾಯಗಳು ಇಲ್ಲಿವೆ.

1. ಭಾಷೆಗೊಬ್ಬರು ಇರಲಿ. ಆಜಿಯ ಜೊತೆ ಮರಾಠಿ, ಅಪ್ಪನ ಜೊತೆ ಕನ್ನಡ, ಹೀಗೆ. ಫ್ರಾನ್ಸಿನ ಭಾಷಾತಜ್ಞ ರೋಂಜಾ ತಮ್ಮ ಮಗನನ್ನು ಹೀಗೇ ಫ್ರೆಂಚ್, ಜರ್ಮನ್ ಎರಡರಲ್ಲೂ ಬೆಳೆಸಿ 1913ರಲ್ಲೇ ಪುಸ್ತಕ ಬರೆದಿದ್ದರು.

2. ಅದು ಆಗದಿದ್ದರೆ ಭಾಷೆಗೊಂದು ಹೊತ್ತು ಇರಲಿ. ಊಟದ ಹೊತ್ತು, ಮಲಗುವ ಹೊತ್ತು ಮನೆಮಾತಿಗೆ. ಹೋಂವರ್ಕ್ ಹೊತ್ತು ಶಾಲೆಯ ಮಾತಿಗೆ. ದಿನಕ್ಕೆ ಅರ್ಧ ಗಂಟೆಯಾದರೂ ಸರಿ, ತಪ್ಪಿಸಬೇಡಿ.

3. ತಪ್ಪು ಹಿಡಿಯಬೇಡಿ, ಸರಿಯಾಗಿ ಹೇಳಿ ತೋರಿಸಿ. 'ಮಲಾ ನೀರು ಬೇಕು' ಎಂದರೆ 'ನನಗೆ ನೀರು ಬೇಕಾ? ತಗೋ ನೀರು' ಎಂದರೆ ಸಾಕು. ಹತ್ತು ಸಲ ಕಿವಿಗೆ ಬಿದ್ದರೆ ಹನ್ನೊಂದನೆಯ ಸಲ ತಾನೇ ಸರಿಯಾಗುತ್ತದೆ.

4. ಮಗು ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೂ ನಿಮ್ಮ ಭಾಷೆ ಬಿಡಬೇಡಿ. ಕೇಳಿ ಅರ್ಥವಾಗುವುದೂ ಭಾಷೆ ಬಂದ ಹಾಗೆಯೇ. ಆಡುವ ಗರಜು ಬಿದ್ದ ದಿನ ಆಡುತ್ತದೆ.

5. ನಾಲ್ಕು ಮಂದಿಯ ಮುಂದೆ ಪರೀಕ್ಷೆ ಬೇಡ. 'ಅಂಕಲ್‌ಗೆ ಇಂಗ್ಲಿಷ್‌ನಾಗ ಹೇಳು', 'ಆಂಟಿಗೆ ಮರಾಠಿ ಮಾತಾಡಿ ತೋರ್ಸು' ಎಂದರೆ ಮಗುವಿನ ಬಾಯಿ ಕಟ್ಟುತ್ತದೆ.

6. ಅಕ್ಷರದ ಚಿಂತೆ ಬೇಡ. ಶಾಲೆಯಲ್ಲಿ ಹಿಂದಿ ಕಲಿತರೆ ಅದೇ ದೇವನಾಗರಿ ಲಿಪಿಯಲ್ಲಿ ಮರಾಠಿಯನ್ನೂ ಓದಬಹುದು. ಲಂಬಾಣಿಯಂಥ ಮಾತನ್ನು ಕನ್ನಡ ಅಕ್ಷರದಲ್ಲೇ ಬರೆದಿಡಬಹುದು. ಅಜ್ಜಿಯರ ಕಥೆಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಆ ಯಂತ್ರದಿಂದ ಇಷ್ಟಾದರೂ ಉಪಕಾರವಾಗಲಿ.

7. ಶಾಲೆಯವರ ಜೊತೆ ಜಗಳ ಬೇಡ, ಮಾತಿರಲಿ. ಮಗು ಶಾಲೆಗೆ ಸೇರುವಾಗ ನೀರು, ಹಸಿವು, ಒಂದಕ್ಕೆ, ಹೊಟ್ಟೆನೋವು, ಹೆದರಿಕೆ, ಇಂಥ ಹತ್ತು ಶಬ್ದಗಳಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದು ಟೀಚರಿಗೆ ಕೊಡಿ. ಎಷ್ಟೋ ಅಳು ಅಲ್ಲೇ ತಪ್ಪುತ್ತದೆ.

8. ಧೈರ್ಯವಾಗಿ ಕೇಳಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದ ಕಡೆಯಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕು ಎನ್ನುತ್ತದೆ. ಪ್ರತಿ ಊರಿನಲ್ಲೂ ಪ್ರತಿ ಭಾಷೆಗೂ ಶಾಲೆ ತೆರೆಯಲು ಆಗದು, ನಿಜ. ಮನೆಯಲ್ಲಿ ಆಡಲು ಯಾರ ಅಪ್ಪಣೆಯೂ ಬೇಕಿಲ್ಲವಲ್ಲ!

ಯಾವಾಗ ತಜ್ಞರನ್ನು ಕಾಣಬೇಕು?

ಎಲ್ಲವನ್ನೂ 'ಎರಡು ಭಾಷೆ ಇದೆಯಲ್ಲ, ಅದಕ್ಕೆ ತಡ' ಎಂದು ತಳ್ಳಿಹಾಕುವುದೂ ತಪ್ಪು. ಒಂದು ವರ್ಷವಾದರೂ ಮಗು ಬಾಬಾ-ದಾದಾ ಎಂದು ತೊದಲದಿದ್ದರೆ, ಕೈ ತೋರಿಸಿ ಕೇಳದಿದ್ದರೆ, ಒಂದೂವರೆ ವರ್ಷವಾದರೂ ಯಾವ ಭಾಷೆಯಲ್ಲೂ ಒಂದು ಶಬ್ದ ಬಾರದಿದ್ದರೆ, ಎರಡು ವರ್ಷಕ್ಕೂ ಎರಡು ಶಬ್ದ ಜೋಡಿಸದಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹಿಂದೆ ಹೋದರೆ ತಡ ಮಾಡಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ದೊಡ್ಡ ಆಸ್ಪತ್ರೆಗಳಲ್ಲಿ ವಾಕ್-ಶ್ರವಣ ತಜ್ಞರಿರುತ್ತಾರೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ನಿಜವಾದ ತೊಂದರೆ ಇದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಆಗಲೂ ಮನೆಮಾತು ನಿಲ್ಲಿಸುವುದು ಅದಕ್ಕೆ ಔಷಧಿಯಲ್ಲ.

2011ರ ಜನಗಣತಿಯಲ್ಲಿ ನಮ್ಮ ದೇಶದ ನೂರರಲ್ಲಿ ಸುಮಾರು 26 ಮಂದಿ ತಮಗೆ ಒಂದಕ್ಕಿಂತ ಹೆಚ್ಚು ಭಾಷೆ ಬರುತ್ತದೆ ಎಂದು ಬರೆಸಿದ್ದಾರೆ. ನಮ್ಮ ಅತ್ತೆ ಅದರಲ್ಲಿ ಸೇರಿದ್ದಾರೋ ಇಲ್ಲವೋ ಎಂದು ಕೇಳಿದೆ. "ನನಗೆಲ್ಲಿ ಎರಡು ಭಾಷೆ ಬರ್ತಾವ?" ಎಂದು ನಕ್ಕರು. ಅದೇ ದಿನ ಸಂತೆಯಲ್ಲಿ ಬದನೆಕಾಯಿಯವನನ್ನು ಕನ್ನಡದಲ್ಲಿ ಸೋಲಿಸಿ ಬಂದಿದ್ದರು!

ಈಗ ಮನೆಯಲ್ಲಿ ಮರಾಠಿ ಮತ್ತೆ ಶುರುವಾಗಿದೆ. ಮೊನ್ನೆ ಸಂಜೆ ಪಡಸಾಲೆಯಲ್ಲಿ ಮಗಳು ಪಕ್ಕದ ಮನೆಯ ಹುಡುಗನಿಗೆ ಏನೋ ಹೇಳುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ಕಾಗೆ-ಗುಬ್ಬಿ ಕಥೆ. ಆಜಿ ಹೇಳಿದ್ದು ಮರಾಠಿಯಲ್ಲಿ, ಇವಳು ಹೇಳುತ್ತಿದ್ದದ್ದು ಕನ್ನಡದಲ್ಲಿ. 'ಮೇಣ'ಕ್ಕೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಓಡಿ ಬಂದು ಕೇಳಿದಳು. ಮೇಣಕ್ಕೆ ಮೇಣವೇ ಎಂದೆ. ಇಬ್ಬರಿಗೂ ನಗು.

ಕಳೆದ ವಾರ ಡೈರಿಯಲ್ಲಿ ಮೂರನೇ ಸಾಲು ಬಂದಿದೆ: 'ಕ್ಲಾಸಿನಲ್ಲಿ ಬಹಳ ಮಾತಾಡುತ್ತಾಳೆ. ಮನೆಯಲ್ಲಿ ಸ್ವಲ್ಪ ಹೇಳಿ.'

ನಾನು ಏನೂ ಹೇಳಲಿಲ್ಲ. ಸಹಿ ಹಾಕಿ ಕಳಿಸಿದೆ.